ಹೆಸರು ಫೋಟೋದೊಳಗೇ ಇರಲಿ

ಪಿಕಾಸಾ ಎಂಬ ಫೋಟೋ ಸಾಫ್ಟ್‌ವೇರನ್ನು ಈಗ ನೆನೆಸಿಕೊಳ್ಳುವವರು ಕಡಿಮೆ. 2004ರಲ್ಲಿ ಗೂಗಲ್ ಅದನ್ನು ಕೊಂಡು ಉಚಿತವಾಗಿ ಹಂಚತೊಡಗಿದಾಗ ನಮ್ಮ ಮನೆಗಳಿಗೆ ಡಿಜಿಟಲ್ ಕ್ಯಾಮೆರಾ ಆಗಷ್ಟೇ ಕಾಲಿಡುತ್ತಿತ್ತು. ರೋಲು ಮುಗಿಯುವ ಭಯವಿಲ್ಲ, ತೊಳೆಸುವ ಖರ್ಚಿಲ್ಲ. ಮದುವೆ, ಮುಂಜಿ, ಜಾತ್ರೆ, ಪ್ರವಾಸಗಳ ಫೋಟೋಗಳು ನೂರುಗಳಿಂದ ಸಾವಿರಗಳಿಗೆ ಏರಿದವು. ಒಂದಷ್ಟು ಕಂಪ್ಯೂಟರಿನ ಯಾವುದೋ ಫೋಲ್ಡರಿನಲ್ಲಿ, ಒಂದಷ್ಟು ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಸಿ.ಡಿ.ಗಳಲ್ಲಿ. ಕಂಪ್ಯೂಟರಿನಲ್ಲಿದ್ದವನ್ನೆಲ್ಲ ತಾನೇ ಹುಡುಕಿ ತಂದು ಕಾಲಾನುಕ್ರಮದಲ್ಲಿ ಜೋಡಿಸಿ ತೋರಿಸುತ್ತಿದ್ದ ಪಿಕಾಸಾ ಒಂದಿಡೀ ತಲೆಮಾರಿಗೆ ಆಲ್ಬಮ್ಮೇ ಆಗಿಹೋಗಿತ್ತು. 2009ರಲ್ಲಿ ಮುಖ ಗುರುತಿಸುವ ಸೌಲಭ್ಯ ಸೇರಿದ ಮೇಲಂತೂ ಜನ ಪುರುಸೊತ್ತು ಮಾಡಿಕೊಂಡು ಕೂತು ಅಜ್ಜಿ, ದೊಡ್ಡಪ್ಪ, ಸೋದರತ್ತೆ ಎಂದು ಒಂದೊಂದು ಮುಖಕ್ಕೂ ಹೆಸರು ಕೊಟ್ಟರು. 2016ರ ಮಾರ್ಚ್ 15ಕ್ಕೆ ಗೂಗಲ್ ಪಿಕಾಸಾದ ಕೈಬಿಟ್ಟಿತು. ಫೋಟೋಗಳಿಗೆ ಏನೂ ಆಗಲಿಲ್ಲ, ಇದ್ದಲ್ಲೇ ಇದ್ದವು. ಕೊಟ್ಟ ಹೆಸರುಗಳು ಮಾತ್ರ ಹೋದವು. ಅವೂ ಪೂರ್ತಿ ಹೋಗದೆ ಅರ್ಧ ಉಳಿದವು, ಅರ್ಧ ಹೋದವು.

ಉಳಿದದ್ದು ಯಾವುದು, ಹೋದದ್ದು ಯಾವುದು ಎಂದು ನೋಡಿದರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಜೆಪೆಗ್ ಫೋಟೋಗಳಿಗೆ ಬರೆದ ಅಡಿಬರಹವನ್ನೂ ಟ್ಯಾಗ್‌ಗಳನ್ನೂ ಪಿಕಾಸಾ ಆಯಾ ಫೈಲಿನೊಳಗೇ, ಸುದ್ದಿಸಂಸ್ಥೆಗಳು ಮೊದಲಿಂದ ಬಳಸುತ್ತಿದ್ದ ಐಪಿಟಿಸಿ ಎಂಬ ಜಾಗದಲ್ಲಿ ಬರೆಯುತ್ತಿತ್ತು. ಅವತ್ತು ಟ್ಯಾಗ್ ಹಾಕಿದ ಫೋಟೋವನ್ನು ಇವತ್ತು ಯಾವುದೇ ಒಳ್ಳೆಯ ಸಾಫ್ಟ್‌ವೇರಿನಲ್ಲಿ ತೆರೆದರೂ ಆ ಟ್ಯಾಗ್ ಕಾಣುತ್ತದೆ. ಆದರೆ ಕೊಟ್ಟ ನಕ್ಷತ್ರ, ಮಾಡಿದ ಆಲ್ಬಂ, ಮುಖಕ್ಕೆ ಅಂಟಿಸಿದ ಹೆಸರು, ಇವೆಲ್ಲ ಪಿಕಾಸಾದ ಸ್ವಂತ ದಾಖಲೆಯಲ್ಲೂ ಫೋಲ್ಡರಿನಲ್ಲಿ ಕಣ್ಣಿಗೆ ಕಾಣದ ಹಾಗೆ ಇಟ್ಟ ಒಂದು ಪುಟ್ಟ ಫೈಲಿನಲ್ಲೂ ಇರುತ್ತಿದ್ದವು. ಹೆಸರನ್ನು ಫೋಟೋದೊಳಗೇ ಬರೆಯುವ ಆಯ್ಕೆ ಆಮೇಲೆ ಬಂತು ನಿಜ, ಆದರೆ ಅದನ್ನು ಹುಡುಕಿ ಟಿಕ್ ಹಾಕಬೇಕಿತ್ತು. ಫೋಟೋಗಳನ್ನಷ್ಟೇ ಆರಿಸಿ ಪೆನ್ ಡ್ರೈವಿಗೆ ಹಾಕಿಕೊಂಡವರ ಕೈಗೆ ಆ ಕಾಣದ ಫೈಲ್ ಬರಲಿಲ್ಲ. ಒಂದೇ ಸಾಫ್ಟ್‌ವೇರ್, ಒಬ್ಬರೇ ಮನುಷ್ಯರು, ಒಂದೇ ಸಂಜೆಯ ದುಡಿಮೆ. ಎಲ್ಲಿ ಬರೆದರು ಎಂಬುದೊಂದೇ ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ತೀರ್ಮಾನಿಸಿತು. ಫೋಟೋದ ಹೆಸರು, ಊರು, ಸಂದರ್ಭ ಫೈಲಿನೊಳಗೆ ಇರಬೇಕು, ಅದಾಗದಿದ್ದರೆ ಅದರ ಪಕ್ಕದಲ್ಲಿ ಇರಬೇಕು. ಸಾಫ್ಟ್‌ವೇರಿನ ಕ್ಯಾಟಲಾಗಿನಲ್ಲಿ ಮಾತ್ರ ಇರಕೂಡದು. ಕ್ಯಾಟಲಾಗನ್ನೇ ನಂಬಿ ಕೂರುವುದು ಬಾಡಿಗೆ ಮನೆಯ ಗೋಡೆಯ ಮೇಲೆ ಹಾಲಿನ ಲೆಕ್ಕ ಬರೆದಿಟ್ಟ ಹಾಗೆ. ಮನೆ ಖಾಲಿ ಮಾಡಿದ ದಿನ ಲೆಕ್ಕವೂ ಅಲ್ಲೇ ಉಳಿಯುತ್ತದೆ.

ಫೈಲಿನೊಳಗೆ ಬರೆಯುವ ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಐಪಿಟಿಸಿ ಎಂಬುದು ಸುದ್ದಿಸಂಸ್ಥೆಗಳು 1965ರಲ್ಲಿ ಲಂಡನ್ನಿನಲ್ಲಿ ಕಟ್ಟಿಕೊಂಡ ಒಕ್ಕೂಟ. ತಂತಿಯ ಮೂಲಕ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವ ಚಿತ್ರದ ಜೊತೆ ಅದು ಯಾರದು, ಎಲ್ಲಿಯದು, ಯಾವತ್ತಿನದು ಎಂಬ ವಿವರವೂ ಹೋಗಲೇಬೇಕಿತ್ತು. ವಿವರವಿಲ್ಲದ ಚಿತ್ರ ಉಪಸಂಪಾದಕರಿಗೆ ನಿರುಪಯೋಗಿ. 1991ರಲ್ಲಿ ಆ ವಿವರಗಳಿಗೆ ಒಂದು ನಿಗದಿತ ಅಚ್ಚು ಬಂತು. 90ರ ದಶಕದ ನಡುವಿನಲ್ಲಿ ಅಡೋಬಿಯ ಫೋಟೋಶಾಪ್ ಅದನ್ನು ಫೋಟೋ ಫೈಲಿನೊಳಗೆ ತಂದು ಕೂರಿಸಿತು. 2001ರಲ್ಲಿ ಅಡೋಬಿಯೇ ಎಕ್ಸ್‌ಎಂಪಿ ಎಂಬ ಹೊಸ, ಇನ್ನಷ್ಟು ವಿಶಾಲವಾದ ಪದ್ಧತಿ ತಂದಿತು. 2012ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವೂ ಆಯಿತು. ಇವೆರಡರ ಪಕ್ಕದಲ್ಲಿ ಎಕ್ಸಿಫ್ ಇದೆ. ಜಪಾನಿನ ಕ್ಯಾಮೆರಾ ಉದ್ಯಮದಿಂದ 1995ರಲ್ಲಿ ಬಂದ ಇದರಲ್ಲಿ ಶಟರ್ ವೇಗ, ಲೆನ್ಸು, ತೆಗೆದ ದಿನ, ಗಳಿಗೆಗಳನ್ನು ಕ್ಯಾಮೆರಾ ತಾನೇ ತುಂಬುತ್ತದೆ. ಹೀಗೆ ಒಂದೇ ಫೋಟೋದೊಳಗೆ ಮೂರು ಖಾನೆ. ಇಲ್ಲೇ ತಕರಾರೂ ಹುಟ್ಟಿಕೊಂಡಿತು. ಹಳೆಯ ಸಾಫ್ಟ್‌ವೇರ್ ಐಪಿಟಿಸಿ ಖಾನೆಯಲ್ಲಿ ತಿದ್ದುತ್ತದೆ, ಹೊಸದು ಎಕ್ಸ್‌ಎಂಪಿ ಓದುತ್ತದೆ. ಒಂದರಲ್ಲಿ ಅಳಿಸಿದ ಕೀವರ್ಡ್ ಇನ್ನೊಂದರಲ್ಲಿ ಮತ್ತೆ ಎದ್ದು ಕೂರುತ್ತದೆ. ಈ ಗೋಜಲು ಬಿಡಿಸಲೆಂದು ಅಡೋಬಿ, ಆಪಲ್, ಕ್ಯಾನನ್, ಮೈಕ್ರೋಸಾಫ್ಟ್, ನೋಕಿಯಾ, ಸೋನಿ ಸೇರಿದ ಒಂದು ಕೂಟವೇ ಇತ್ತು. ಯಾವ ಖಾನೆಗೆ ಯಾವುದು ಹೊಂದಬೇಕೆಂದು ಹೇಳುವ ಅವರ ಮಾರ್ಗಸೂಚಿಯ ಎರಡನೇ ಆವೃತ್ತಿ 2010ರಲ್ಲಿ ಬಂತು. ಆಮೇಲೆ ಕೂಟ ಸದ್ದಿಲ್ಲದಾಯಿತು. ಮಾರ್ಗಸೂಚಿ ಇಂದಿಗೂ ಉಪಯುಕ್ತ. ದೊಡ್ಡ ಕಂಪನಿಗಳು ಒಟ್ಟಿಗೆ ಕೂತು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದೆಂದು ಧಾರಾಳವಾಗಿ ಹೇಳಬಹುದು, ಅಂಥವು ಹೆಚ್ಚಿಲ್ಲ.

ಪಿಕಾಸಾ ಪುಕ್ಕಟೆ ಕೊಟ್ಟದ್ದು, ಹೋದರೆ ಹೋಯಿತು, ದುಡ್ಡು ಕೊಟ್ಟು ಕೊಂಡ ವೃತ್ತಿಪರ ಸಾಫ್ಟ್‌ವೇರಿಗೆ ಈ ಗತಿ ಬರಲಾರದು ಎಂದು ಆಗ ಹಲವರು ವಾದಿಸುತ್ತಿದ್ದರು. ಆಪಲ್ ಕಂಪನಿಯ ಅಪರ್ಚರ್ 2005ರಲ್ಲಿ ಬಂದದ್ದು ವೃತ್ತಿಪರರಿಗೆಂದೇ. 2014ರಲ್ಲಿ ಅದನ್ನು ಮುಂದುವರಿಸುವುದಿಲ್ಲವೆಂದು ಆಪಲ್ ಸಾರಿತು, ಮರುವರ್ಷ ಮಾರಾಟವನ್ನೂ ನಿಲ್ಲಿಸಿತು. 2019ರಲ್ಲಿ ಬಂದ ಕ್ಯಾಟಲೀನಾ ಎಂಬ ಮ್ಯಾಕ್ ವ್ಯವಸ್ಥೆಯಿಂದ ಮುಂದಕ್ಕೆ ಅದು ತೆರೆಯುವುದೇ ಇಲ್ಲ. ಅಪರ್ಚರ್ ಸಂಗ್ರಹವನ್ನು ಆಪಲ್‌ನದೇ ಫೋಟೋಸ್‌ಗೆ ದಾಟಿಸಿಕೊಂಡವರಿಗೆ ಇನ್ನೊಂದು ಚೋದ್ಯ ಕಾದಿತ್ತು. ಹೊಸದರಲ್ಲಿ ನಕ್ಷತ್ರ ಕೊಡುವ ವ್ಯವಸ್ಥೆ ಇರಲಿಲ್ಲ, ಹಾಗಾಗಿ ಹಳೆಯ ನಕ್ಷತ್ರಗಳೆಲ್ಲ ಕೀವರ್ಡ್‌ಗಳಾಗಿ ಬದಲಾದವು. ಬಣ್ಣದ ಗುರುತುಗಳೂ ಹಾಗೆಯೇ. ಊರು, ಹೆಸರುಗಳ ಸಾಲಿನಲ್ಲಿ ‘ನಾಲ್ಕು ನಕ್ಷತ್ರ’, ‘ಕೆಂಪು’ ಎಂಬ ಅನಾಮಧೇಯ ಅತಿಥಿಗಳು. ಐವ್ಯೂ ಮೀಡಿಯಾಪ್ರೋದ ಕಥೆ ಇನ್ನೂ ದೀರ್ಘ. ಕ್ಯಾಟಲಾಗ್ ಮಾಡುವುದಕ್ಕೆಂದೇ ಇದ್ದ, ಛಾಯಾಗ್ರಾಹಕರು ಬಹಳ ಮೆಚ್ಚಿದ್ದ ಸಾಫ್ಟ್‌ವೇರ್ ಅದು. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡು ಹೆಸರು ಬದಲಿಸಿತು, 2010ರಲ್ಲಿ ಫೇಸ್ ವನ್ ಎಂಬ ಕಂಪನಿಗೆ ಮಾರಿತು, ಅಲ್ಲಿ ಮತ್ತೆ ಹೆಸರು ಬದಲಾಯಿತು, 2018ರಲ್ಲಿ ಅಲ್ಲೂ ನಿಂತಿತು. ಹನ್ನೆರಡು ವರ್ಷದಲ್ಲಿ ಮೂವರು ಯಜಮಾನರ ಕೈದಾಟಿ ಮುಗಿದ ಕಥೆ. ಅದರಲ್ಲಿ ಕೆಲಸ ಮಾಡಿ, ಕೀವರ್ಡ್‌ಗಳನ್ನು ಫೈಲಿಗೆ ಬರೆಸಿಟ್ಟವರು ಯಾವ ಯಜಮಾನ ಬಂದರೂ ಹೋದರೂ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ.

ಈಗ ಚಾಲ್ತಿಯಲ್ಲಿರುವುದರ ವಿಷಯವೂ ಇದಕ್ಕಿಂತ ತೀರಾ ಬೇರೆಯಲ್ಲ. 2007ರಿಂದ ಇರುವ ಲೈಟ್‌ರೂಮ್ ಇಂದಿಗೂ ಗಟ್ಟಿಯಾಗಿದೆ. ಆದರೆ ಅದರಲ್ಲಿ ನಾವು ಮಾಡುವ ಎಲ್ಲ ಕೆಲಸವೂ ಮೊದಲು ಬೀಳುವುದು ಕ್ಯಾಟಲಾಗ್ ಎಂಬ ಒಂದೇ ಫೈಲಿಗೆ. ಬದಲಾವಣೆಗಳನ್ನು ಫೋಟೋಗೂ ತಾನಾಗಿಯೇ ಬರೆಯುವ ಆಯ್ಕೆ ಸೆಟ್ಟಿಂಗಿನಲ್ಲಿದೆ, ಆದರೆ ಬಂದ ಸ್ಥಿತಿಯಲ್ಲಿ ಅದು ಆನ್ ಆಗಿರುವುದಿಲ್ಲ. ನಾವೇ ಹೋಗಿ ಟಿಕ್ ಹಾಕಬೇಕು, ಇಲ್ಲವೇ ಫೋಟೋಗಳನ್ನು ಆರಿಸಿ ಉಳಿಸುವ ಆಜ್ಞೆ ಕೊಡಬೇಕು. ಟಿಕ್ ಹಾಕಿದರೂ ಕಲೆಕ್ಷನ್ನು, ಸ್ಟ್ಯಾಕು, ವರ್ಚುವಲ್ ಕಾಪಿಗಳು ಕ್ಯಾಟಲಾಗಿನಲ್ಲೇ ಉಳಿಯುತ್ತವೆ. 2015ರಲ್ಲಿ ಬಂದ ಗೂಗಲ್ ಫೋಟೋಸ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಫೋಟೋದ ಕೆಳಗೆ ಬರೆದ ವಿವರಣೆ ಫೋಟೋದೊಳಗೆ ಹೋಗುವುದೇ ಇಲ್ಲ. ಎಲ್ಲವನ್ನೂ ವಾಪಸು ಪಡೆಯುತ್ತೇನೆಂದು ಟೇಕ್‌ಔಟ್ ಕೇಳಿದರೆ ಒಂದೊಂದು ಫೋಟೋದ ಜೊತೆಗೂ ಜೇಸನ್ ಎಂಬ ಪಠ್ಯದ ಫೈಲ್ ಬರುತ್ತದೆ. ವಿವರಣೆ, ಜನರ ಹೆಸರು ಎಲ್ಲ ಅದರಲ್ಲಿ. ಕೊಟ್ಟಿಲ್ಲವೆಂದು ದೂರುವ ಹಾಗಿಲ್ಲ. ಆದರೆ ಬೇರೆ ಹೆಚ್ಚಿನ ಫೋಟೋ ಸಾಫ್ಟ್‌ವೇರ್‌ಗಳಲ್ಲಿ ಅದನ್ನು ತಾನಾಗಿ ಓದಿಕೊಳ್ಳುವ ರೂಢಿಯಿಲ್ಲ, ಎರಡನ್ನೂ ಮತ್ತೆ ಹೊಲಿಯುವ ಕೆಲಸ ನಮ್ಮದೇ. ವಾಟ್ಸ್‌ಆ್ಯಪ್‌ನ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಫೋಟೋ ಎಂದು ಕಳಿಸಿದರೆ ಒಳಗಿನ ವಿವರಗಳು ಸೋರಿಹೋಗುತ್ತವೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತವೆ.

ಕನ್ನಡದಲ್ಲಿ ಕೀವರ್ಡ್ ಬರೆಯುವವರಿಗೆ ಇದರ ಮೇಲೆ ಇನ್ನೊಂದು ಪದರ ತೊಡಕಿದೆ. ಇಂಗ್ಲಿಷಿನವರು ಬರೆದ ಪುಸ್ತಕಗಳಲ್ಲಿ ಅದು ಸಿಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ಸಾಮಾನ್ಯರ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ, ಅದರ ತುಂಗಾ ಫಾಂಟಿನ ಜೊತೆಗೆ. ಅದಾದ ಮೇಲೂ ಬಹಳ ವರ್ಷ ಡಿ.ಟಿ.ಪಿ. ಮಾಡುವವರು, ಪತ್ರಿಕೆಯವರು ನುಡಿ, ಬರಹಗಳ ಹಳೆಯ ಫಾಂಟುಗಳಲ್ಲೇ ಟೈಪು ಮಾಡಿದರು. ಆ ಫಾಂಟುಗಳಲ್ಲಿ ತೆರೆಯ ಮೇಲೆ ‘ಕನ್ನಡ’ ಎಂದು ಕಾಣುವುದರ ಒಳಗೆ ನಿಜವಾಗಿ ಇರುವುದು ಇಂಗ್ಲಿಷಿನ ದೊಡ್ಡ ಪಿ, ಪೌಂಡಿನ ಚಿಹ್ನೆ, ಜರ್ಮನ್ನಿನ ಒಂದು ಅಕ್ಷರ, ಸಣ್ಣ ಕ್ಯೂ, ನಡುನಡುವೆ ತಲೆಯ ಮೇಲೆ ಓರೆಗೀಟಿರುವ ಎ. ಫಾಂಟು ಜೊತೆಗಿದ್ದರೆ ಅದು ಕನ್ನಡ, ಇಲ್ಲದಿದ್ದರೆ ಗೊಜ್ಜು. ಫೋಟೋದ ಮೆಟಾಡೇಟಾ ಖಾನೆಯಲ್ಲಿ ಅಕ್ಷರಗಳಿಗೆ ಜಾಗವಿದೆಯೇ ಹೊರತು ಫಾಂಟಿಗೆ ಜಾಗವಿಲ್ಲ. ಹಾಗಾಗಿ ಆ ಕಾಲದಲ್ಲಿ ಶ್ರದ್ಧೆಯಿಂದ ಕನ್ನಡದ ಅಡಿಬರಹ ಅಂಟಿಸಿದ ಫೋಟೋಗಳಲ್ಲಿ ಇವತ್ತು ಆ ಗೊಜ್ಜು ಮಾತ್ರ ಕಾಣುತ್ತದೆ. ಅದು ನಾಶವಾಗಿಲ್ಲ. ಹೊರತೆಗೆದು ಯೂನಿಕೋಡಿಗೆ ಬದಲಿಸಿ ವಾಪಸು ತುಂಬಬಹುದು, ಅದು ಹಾಗೆಂದು ಗುರುತಿಸುವವರು ಇರಬೇಕಷ್ಟೆ.

ಯೂನಿಕೋಡಿಗೆ ಬಂದರೂ ಐಪಿಟಿಸಿಯ ಹಳೆಯ ಅಚ್ಚು ನಮ್ಮನ್ನು ಗಮನದಲ್ಲಿಟ್ಟುಕೊಂಡು ಮಾಡಿದ್ದಲ್ಲ. ಅಲ್ಲಿ ಒಂದು ಕೀವರ್ಡ್‌ಗೆ 64 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಅದರ ಕಾಗುಣಿತಕ್ಕೆ ಮತ್ತೆ ಮೂರು, ಒತ್ತು ಕೊಡುವ ವಿರಾಮಕ್ಕೆ ಇನ್ನೂ ಮೂರು. ‘ಶ್ರವಣಬೆಳಗೊಳ ಮಹಾಮಸ್ತಕಾಭಿಷೇಕ’ ಎಂಬ ಕೀವರ್ಡನ್ನೇ ನೋಡಿ. ಶ್ರವಣಬೆಳಗೊಳಕ್ಕೆ 33 ಬೈಟ್, ನಡುವಿನ ಖಾಲಿ ಜಾಗಕ್ಕೆ ಒಂದು, ಮಹಾಮಸ್ತಕಾಭಿಷೇಕಕ್ಕೆ 42, ಒಟ್ಟು 76. ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಸಾಫ್ಟ್‌ವೇರ್ ಅದನ್ನು 64ಕ್ಕೆ ಕತ್ತರಿಸಿದಾಗ ಉಳಿಯುವುದು ‘ಶ್ರವಣಬೆಳಗೊಳ ಮಹಾಮಸ್ತಕಾಭ’. ಎಕ್ಸ್‌ಎಂಪಿಯಲ್ಲಿ ಈ ಮಿತಿಯಿಲ್ಲ, ಅಲ್ಲಿ ಪೂರ್ತಿ ಇರುತ್ತದೆ. ಎರಡೂ ಖಾನೆ ಓದುವ ಸಾಫ್ಟ್‌ವೇರಿಗೆ ಇವು ಎರಡು ಬೇರೆ ಬೇರೆ ಕೀವರ್ಡ್‌ಗಳಾಗಿ ಕಾಣಬಹುದು. 2006ರ ಮಹೋತ್ಸವದ ಫೋಟೋ ಒಂದರ ಕೆಳಗೆ, 2018ರದ್ದು ಇನ್ನೊಂದರ ಕೆಳಗೆ ಬಂದು ಕೂತರೆ ಸಾಫ್ಟ್‌ವೇರನ್ನು ಬೈದು ಪ್ರಯೋಜನವಿಲ್ಲ. ಊರು ಒಂದು ಕೀವರ್ಡ್, ಉತ್ಸವ ಇನ್ನೊಂದು, ವರ್ಷ ಮತ್ತೊಂದು ಎಂದು ಬಿಡಿಸಿ ಬರೆದರೆ ಮುಗಿಯಿತು. ಕಣ್ಣಿಗೆ ಕಾಣದ ಇನ್ನೊಂದು ಪೇಚಿದೆ. ‘ಗೋಕರ್ಣ’ದ ಗೋ ಅಕ್ಷರದ ಓತ್ವದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರು ಚಿಹ್ನೆ ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಇಡುತ್ತಿತ್ತು, ಬೇರೆಯವು ಟೈಪಾದ ಹಾಗೆಯೇ, ಸಾಮಾನ್ಯವಾಗಿ ಕೂಡಿಸಿದ ರೂಪದಲ್ಲಿ. ಫೈಲಿನ ಹೆಸರಿಗೇ ಗೋಕರ್ಣ ಎಂದಿಟ್ಟು ನಿಶ್ಚಿಂತರಾದವರು ಅದನ್ನು ಹುಡುಕಿದಾಗ ಸಿಗದೇ ಹೋಗುವುದಕ್ಕೆ ಇದೂ ಒಂದು ಕಾರಣ. ಊರಿನ ಹೆಸರುಗಳು ಸರ್ಕಾರದ ಆದೇಶದಿಂದಲೂ ಬದಲಾಗುತ್ತವೆ ಎಂಬುದು ಬೇರೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ರೂಪ ಬದಲಾಯಿತು. ಅದಕ್ಕೆ ಮೊದಲು ಇಂಗ್ಲಿಷಿನಲ್ಲಿ ಗುಲ್ಬರ್ಗಾ, ಬಿಜಾಪುರ ಎಂದು ಹಾಕಿದ ಕೀವರ್ಡ್‌ಗಳು ಕಲಬುರಗಿ, ವಿಜಯಪುರ ಎಂದು ಹುಡುಕಿದರೆ ಸಿಗುವುದಿಲ್ಲ. ಹಳೆಯದನ್ನು ಅಳಿಸಬೇಕಿಲ್ಲ, ಹೊಸದನ್ನೂ ಪಕ್ಕದಲ್ಲಿ ಸೇರಿಸಬೇಕು. ಕೀವರ್ಡ್‌ಗಳು ಎಷ್ಟಿದ್ದರೂ ಭಾರವಲ್ಲ.

ಫೈಲ್ ಫಾರ್ಮ್ಯಾಟಿನ ಪ್ರಶ್ನೆ ಬೇರೆಯೆಂದು ಕಂಡರೂ ಇದಕ್ಕೇ ಅಂಟಿಕೊಂಡದ್ದು. ಒಂದು ಫಾರ್ಮ್ಯಾಟನ್ನು ಆರಿಸಿಕೊಳ್ಳುವಾಗ ಚಿತ್ರದ ಗುಣಮಟ್ಟ ಎಷ್ಟು, ಜಾಗ ಎಷ್ಟು ತಿನ್ನುತ್ತದೆ ಎಂದಷ್ಟೇ ಕೇಳುತ್ತೇವೆ. ಹೆಸರು ಬರೆಯಲು ಜಾಗವಿದೆಯೇ, ಆ ಜಾಗವನ್ನು ಬೇರೆಯವರು ಓದುತ್ತಾರೆಯೇ ಎಂಬುದನ್ನೂ ಕೇಳಬೇಕು. ಜೆಪೆಗ್ 1992ರ ಮಾನಕ, ಟಿಫ್ ಇನ್ನೂ ಹಳೆಯದು. ಎರಡರಲ್ಲೂ ಜಾಗವಿದೆ, ಎಲ್ಲರೂ ಓದುತ್ತಾರೆ. ಬಿಎಂಪಿಯಲ್ಲಿ ಜಾಗವೇ ಇಲ್ಲ. ಹಳೆಯ ಸ್ಕ್ಯಾನರುಗಳಲ್ಲಿ ಅಜ್ಜನ ಕಾಲದ ಚಿತ್ರಗಳನ್ನು ಬಿಎಂಪಿಯಾಗಿ ಉಳಿಸಿಕೊಂಡವರು ಅವನ್ನು ಟಿಫ್‌ಗೆ ಬದಲಿಸಿಕೊಳ್ಳುವುದು ಲೇಸು, ಚಿತ್ರಕ್ಕೆ ಅದರಿಂದ ಯಾವ ನಷ್ಟವೂ ಇಲ್ಲ. ಪಿಎನ್‌ಜಿಯಲ್ಲಿ ಜಾಗವಿದ್ದರೂ ವಿಂಡೋಸ್‌ನ ಎಕ್ಸ್‌ಪ್ಲೋರರ್ ಅದಕ್ಕೆ ಟ್ಯಾಗ್ ಹಾಕಗೊಡುವುದಿಲ್ಲ. 2017ರಲ್ಲಿ ಐಫೋನ್ ಜೊತೆ ಬಂದ ಎಚ್‌ಇಐಸಿ ಜಾಗ ಉಳಿಸುತ್ತದೆ, ಮೆಟಾಡೇಟಾವನ್ನೂ ಹೊರುತ್ತದೆ. ಆದರೆ ಅದನ್ನು ಜೆಪೆಗ್‌ಗೆ ಬದಲಿಸಿ ಕೊಡುವ ಪುಕ್ಕಟೆ ಸೌಲಭ್ಯಗಳಲ್ಲಿ ಎಷ್ಟೋ ಚಿತ್ರವನ್ನು ದಾಟಿಸಿ ವಿವರವನ್ನು ದಡದಲ್ಲೇ ಬಿಡುತ್ತವೆ. ಇನ್ನು ಕ್ಯಾಮೆರಾ ಕಂಪನಿಗಳ ರಾ ಫೈಲ್‌ಗಳು, ನಿಕಾನಿನ ಎನ್‌ಇಎಫ್, ಕ್ಯಾನನ್ನಿನ ಸಿಆರ್2, ಸಿಆರ್3, ಸೋನಿಯ ಎಆರ್‌ಡಬ್ಲ್ಯು. ಇವುಗಳ ಒಳರಚನೆಯನ್ನು ಕಂಪನಿಗಳು ಪೂರ್ತಿ ಬಿಟ್ಟುಕೊಟ್ಟಿಲ್ಲ. ಆದ್ದರಿಂದ ಹೊರಗಿನ ಸಾಫ್ಟ್‌ವೇರ್ ಒಳಗೆ ಕೈ ಹಾಕುವ ಬದಲು ಪಕ್ಕದಲ್ಲಿ ಸೈಡ್‌ಕಾರ್ ಎಂಬ ಪುಟ್ಟ ಎಕ್ಸ್‌ಎಂಪಿ ಫೈಲಿನಲ್ಲಿ ಬರೆಯುವುದು ವಾಡಿಕೆ. ಅಲ್ಲೂ ಎಲ್ಲರದ್ದೂ ಒಂದೇ ಪದ್ಧತಿಯಲ್ಲ. ಲೈಟ್‌ರೂಮ್ ಫೋಟೋದ ಹೆಸರಿನ ಬಾಲ ಕತ್ತರಿಸಿ ಎಕ್ಸ್‌ಎಂಪಿ ಎಂದು ಸೇರಿಸುತ್ತದೆ, ಡಾರ್ಕ್‌ಟೇಬಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಬಾಲವನ್ನು ಉಳಿಸಿಕೊಂಡು ಅದರ ಹಿಂದೆ ಸೇರಿಸುತ್ತದೆ. ಒಂದು ಬರೆದ ಸೈಡ್‌ಕಾರನ್ನು ಇನ್ನೊಂದು ಕಾಣದೇ ಹೋಗುವುದು ಇಂಥ ಸಣ್ಣ ವ್ಯತ್ಯಾಸದಿಂದ. ಅಡೋಬಿ 2004ರಲ್ಲಿ ತಂದ ಡಿಎನ್‌ಜಿಯಲ್ಲಿ ಈ ಕಾಟವಿಲ್ಲ, ರಾ ಚಿತ್ರವೂ ಹೆಸರೂ ಒಂದೇ ಫೈಲಿನಲ್ಲಿರುತ್ತವೆ. ಕ್ಯಾಮೆರಾದಿಂದ ಬಂದ ಮೂಲವನ್ನು ಎಸೆದು ಡಿಎನ್‌ಜಿ ಒಂದನ್ನೇ ಇಟ್ಟುಕೊಳ್ಳಬೇಕೇ ಎಂಬುದು ಇನ್ನೂ ಚರ್ಚೆಯ ವಿಷಯ. ನನ್ನ ಮಟ್ಟಿಗೆ ಡಿಸ್ಕಿನಲ್ಲಿ ಜಾಗವಿರುವವರು ಎಸೆಯುವ ಗೋಜಿಗೆ ಹೋಗಬಾರದು.

ಮೂಲ ಫೈಲನ್ನು ಮುಟ್ಟಲೇಬಾರದು ಎಂಬ ಆಕ್ಷೇಪ ದಾಖಲೆ ಕಾಯುವವರಿಂದ ಬರುತ್ತದೆ, ಅದು ಹಗುರವಾದ ಆಕ್ಷೇಪವಲ್ಲ. ಒಂದು ಕೀವರ್ಡ್ ಸೇರಿಸಿದರೂ ಫೈಲಿನ ಚೆಕ್‌ಸಮ್ ಬದಲಾಗುತ್ತದೆ, ಫೈಲ್ ಕೆಟ್ಟಿದೆಯೋ ಇಲ್ಲವೋ ಎಂದು ಹೋಲಿಸುವ ಆಧಾರವೇ ಹೋಗುತ್ತದೆ. ಬ್ಯಾಕಪ್ ಮಾಡುವ ಸಾಫ್ಟ್‌ವೇರ್ ಅದನ್ನು ಹೊಸ ಫೈಲೆಂದು ತಿಳಿದು ಇಡಿಯಾಗಿ ಮತ್ತೆ ಕಳಿಸುತ್ತದೆ. ಬರೆಯುವ ಗಳಿಗೆಯಲ್ಲೇ ಕರೆಂಟು ಹೋದರೆ? ಇದರಲ್ಲಿ ಒಂದು ತಪ್ಪು ಕಲ್ಪನೆಯೂ ಸೇರಿದೆ, ಅದನ್ನು ಮೊದಲು ತೆಗೆಯಬೇಕು. ಜೆಪೆಗ್‌ನಲ್ಲಿ ಕೀವರ್ಡ್ ಹೋಗಿ ಕೂರುವುದು ಚಿತ್ರದ ದತ್ತಾಂಶಕ್ಕಿಂತ ಮುಂಚೆ ಬರುವ ಪ್ರತ್ಯೇಕ ಭಾಗಗಳಲ್ಲಿ. ಅದನ್ನು ನೂರು ಸಲ ತಿದ್ದಿದರೂ ಚಿತ್ರದ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಚಿತ್ರ ಸವೆಯುವುದು ಅದನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗ. ಉಳಿದ ಮಾತು ನಿಜವೇ. ಸಂಗ್ರಹಾಲಯಗಳಿಗೆ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವ ಚಿತ್ರಗಳಿಗೆ ಸೈಡ್‌ಕಾರೇ ಸರಿ. ಮನೆಯ ಸಂಗ್ರಹಕ್ಕೆ ಹಾಗಲ್ಲ. ಮಕ್ಕಳು, ಮೊಮ್ಮಕ್ಕಳು ಫೋಟೋ ನಕಲು ಮಾಡಿಕೊಳ್ಳುವಾಗ ಸೈಡ್‌ಕಾರುಗಳನ್ನು ಬಿಟ್ಟುಬಿಡುತ್ತಾರೆ, ಪಿಕಾಸಾದ ಕಾಣದ ಫೈಲಿಗೆ ಆದ ಗತಿಯೇ ಅದಕ್ಕೂ ಆಗುತ್ತದೆ. ಬರೆಯುವ ಮೊದಲು ಒಂದು ಬ್ಯಾಕಪ್ ಇಟ್ಟುಕೊಂಡು ಒಳಗೇ ಬರೆಯುವುದು ಮನೆಯ ಮಟ್ಟಿಗೆ ಜಾಣತನ.

ಶ್ರೇಣಿಯನ್ನು ಕಳೆದುಕೊಳ್ಳುತ್ತೇವೆ ಎಂಬ ತಕರಾರು ವೃತ್ತಿಪರರದು. ಕರ್ನಾಟಕ, ಅದರೊಳಗೆ ಉತ್ತರ ಕನ್ನಡ, ಅದರೊಳಗೆ ಶಿರಸಿ ಎಂದು ಕೀವರ್ಡ್‌ಗಳನ್ನು ಕೊಂಬೆ ರೆಂಬೆಯಾಗಿ ಇಟ್ಟುಕೊಳ್ಳುವ ಸೌಕರ್ಯ ಕ್ಯಾಟಲಾಗಿನಲ್ಲಿ ಸೊಗಸಾಗಿದೆ. ಹೊರಗೆ ಬರೆದಾಗ ಲೈಟ್‌ರೂಮ್ ಹಂತಗಳ ನಡುವೆ ಲಂಬವಾದ ಗೀಟು ಹಾಕುತ್ತದೆ, ಡಿಜಿಕಾಮ್ ಎಂಬ ಸಾಫ್ಟ್‌ವೇರ್ ಓರೆಗೀಟು. ಒಬ್ಬರ ಗೀಟು ಇನ್ನೊಬ್ಬರಿಗೆ ಅಕ್ಷರವಾಗಿ ಕಂಡು ಇಡೀ ಸಾಲೇ ಒಂದು ಕೀವರ್ಡ್ ಆಗಿಬಿಡುವುದುಂಟು. ಆದ್ದರಿಂದ ಶ್ರೇಣಿಯನ್ನು ಅನುಕೂಲಕ್ಕೆ ಇಟ್ಟುಕೊಳ್ಳೋಣ, ಅದರ ಮೇಲೆ ಭಾರ ಹಾಕುವುದು ಬೇಡ. ಎಲ್ಲ ಸಾಫ್ಟ್‌ವೇರೂ ಓದುವ ಸರಳ ಕೀವರ್ಡ್ ಪಟ್ಟಿಯಲ್ಲಿ ಶಿರಸಿ, ಉತ್ತರ ಕನ್ನಡ, ಕರ್ನಾಟಕ ಮೂರೂ ಬಿಡಿಬಿಡಿಯಾಗಿ ಇದ್ದರೆ ಕೊಂಬೆ ಮುರಿದರೂ ಎಲೆ ಉಳಿಯುತ್ತದೆ. ಅಲ್ಪವಿರಾಮವನ್ನಂತೂ ಕೀವರ್ಡಿನೊಳಗೆ ಬಳಸಲೇಬಾರದು. ಗ್ರಂಥಾಲಯದ ಕ್ರಮದಲ್ಲಿ ‘ಕಾರಂತ, ಶಿವರಾಮ’ ಎಂದು ಬರೆದರೆ ಕಾರಂತರು ಒಂದು ಕಡೆ, ಶಿವರಾಮ ಇನ್ನೊಂದು ಕಡೆ ಆಗುತ್ತಾರೆ.

ಈ ಕಾಲದಲ್ಲಿ ಕೀವರ್ಡ್ ಯಾಕೆ, ಯಂತ್ರವೇ ಎಲ್ಲ ಗುರುತಿಸುತ್ತದಲ್ಲ ಎಂಬುದು ಈಗ ಎಲ್ಲ ಕಡೆ ಕೇಳುವ ಮಾತು. ಸಮುದ್ರ ಎಂದರೆ ಸಮುದ್ರ, ಮದುವೆ ಎಂದರೆ ಮದುವೆ ತೋರಿಸುವ ಮಟ್ಟಿಗೆ ಅದು ನಿಜ, ಆ ಅನುಕೂಲವನ್ನು ಅಲ್ಲಗಳೆಯುವುದು ಹಟವಾದೀತು. ಸಮುದ್ರ, ಆನೆ, ಗೋಪುರ ಎಂದು ಕೂತು ಟ್ಯಾಗ್ ಹಾಕುವ ಕೆಲಸವನ್ನು ಯಂತ್ರಕ್ಕೇ ಬಿಡಬಹುದು. ಆದರೆ ಚಿತ್ರದೊಳಗೆ ಕಾಣದೇ ಇರುವುದನ್ನು ಯಂತ್ರ ಎಲ್ಲಿಂದ ತಂದೀತು? ಯಕ್ಷಗಾನದ ಫೋಟೋ ಒಂದನ್ನು ತೆಗೆದುಕೊಳ್ಳಿ. ಕಿರೀಟ, ಭುಜಕೀರ್ತಿ, ಮುಖವರ್ಣಿಕೆ ನೋಡಿ ಅದು ಯಕ್ಷಗಾನವೆಂದು ಯಂತ್ರ ಹೇಳಬಹುದು, ಹೆಚ್ಚೆಂದರೆ ಬಡಗೋ ತೆಂಕೋ ಎಂದೂ ಊಹಿಸಬಹುದು. ಆ ಬಣ್ಣದ ಹಿಂದೆ ಯಾರಿದ್ದರು, ಯಾವ ಮೇಳ, ಯಾವ ಪ್ರಸಂಗ, ಯಾರ ಮನೆಯ ಹರಕೆಯ ಆಟ ಎಂಬುದು ಅಲ್ಲಿದ್ದವರಿಗೆ ಮಾತ್ರ ಗೊತ್ತು. ಮುಖ ಹೋಲಿಸುವ ವಿದ್ಯೆಗೆ ಮುಖವೇ ಮರೆಯಾದ ಕಡೆ ಕೆಲಸವಿಲ್ಲ. ಎದುರಿಗೆ ಕಾಣುವ ಮುಖಗಳಿಗೂ ಯಂತ್ರ ಹೆಸರು ಹುಟ್ಟಿಸುವುದಿಲ್ಲ, ನಾವು ಹೇಳಿಕೊಟ್ಟದ್ದನ್ನು ಬೇರೆ ಫೋಟೋಗಳಿಗೆ ಹಂಚುತ್ತದೆ. ಹಾಗೆ ಹಂಚಿದ ಹೆಸರು ಇರುವುದೂ ಆಯಾ ಸೇವೆಯ ಒಳಗೇ. ಆಪಲ್ ಫೋಟೋಸ್‌ನಲ್ಲಿ ಜನರಿಗೆ ಕೊಟ್ಟ ಹೆಸರು ಫೋಟೋವನ್ನು ಹೊರಗೆ ತೆಗೆದಾಗ 2009ರ ಪಿಕಾಸಾದ ಹಾಗೆಯೇ ಹಿಂದೆ ಉಳಿಯುತ್ತದೆ. ಯಂತ್ರ ಜಾಣವಾದಷ್ಟೂ ಅದನ್ನು ಬಿಟ್ಟು ಬರುವುದು ಕಷ್ಟವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ.

ಹೆಸರು ಒಳಗೇ ಇದ್ದರೆ ಫೋಟೋ ಹೋದಲ್ಲೆಲ್ಲ ಹೆಸರೂ ಹೋಗುತ್ತದೆ, ಮಕ್ಕಳ ಹೆಸರು, ಮನೆಯ ಜಾಗ ಅಪರಿಚಿತರ ಕೈಗೆ ಸಿಗುತ್ತದೆ ಎಂಬ ಅಂಜಿಕೆಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಅದಕ್ಕೆ ಮದ್ದು ಮೂಲವನ್ನು ಖಾಲಿ ಇಡುವುದಲ್ಲ, ಹೊರಗೆ ಕಳಿಸುವ ಪ್ರತಿಯನ್ನು ಖಾಲಿ ಮಾಡುವುದು. ಲೈಟ್‌ರೂಮ್‌ನಲ್ಲಿ ರಫ್ತು ಮಾಡುವಾಗಲೇ ವ್ಯಕ್ತಿಗಳ ವಿವರ, ಸ್ಥಳದ ವಿವರ ತೆಗೆದುಹಾಕುವ ಆಯ್ಕೆಗಳಿವೆ. ಮನೆಯ ಡಿಸ್ಕಿನಲ್ಲಿ ತುಂಬಿದ ಪ್ರತಿ, ಊರಿಗೆ ಹಂಚಲು ಬರಿದಾದ ಪ್ರತಿ.

ಇಷ್ಟೆಲ್ಲ ಮಾಡಲು ಪುರುಸೊತ್ತು ಯಾರಿಗಿದೆ ಎಂದರೆ, ಎಲ್ಲ ಫೋಟೋಗೂ ಮಾಡಬೇಕೆಂದು ಯಾರೂ ಹೇಳುತ್ತಿಲ್ಲ. ಒಂದೇ ಸೂರ್ಯಾಸ್ತದ ಮೂವತ್ತು ಚಿತ್ರಗಳಿಗೆ ಹೆಸರೇ ಬೇಡ. ಹತ್ತಿರದವರು ಹೋದ ಮೇಲೆ ಯಾರನ್ನೂ ಕೇಳಲಾಗದ ವಿವರ ಇರುವ ಫೋಟೋಗಳಿಂದ ಶುರುಮಾಡಬೇಕು. ಕಪ್ಪುಬಿಳುಪಿನ ಗುಂಪು ಚಿತ್ರಗಳು, ಶಾಲೆಯ ಫೋಟೋಗಳು, ಈಗ ಇಲ್ಲದ ಮನೆ ಬೀದಿಗಳ ಚಿತ್ರಗಳು. ಸ್ಕ್ಯಾನ್ ಮಾಡಿದ್ದಾದರೆ ಫೈಲಿನ ದಿನಾಂಕ ಸ್ಕ್ಯಾನ್ ಆದ ದಿನದ್ದೇ ಹೊರತು ಚಿತ್ರದ್ದಲ್ಲ, 1962ರ ಮದುವೆ 2011ರ ಸಾಲಿನಲ್ಲಿ ಕೂತಿರುತ್ತದೆ. ಎಕ್ಸ್‌ಎಂಪಿಯಲ್ಲಿ ದಿನ ತಿಂಗಳು ಗೊತ್ತಿಲ್ಲದಿದ್ದರೂ ವರ್ಷವೊಂದನ್ನೇ ಬರೆಯಬಹುದು. ಉಪಕರಣಕ್ಕೂ ಬರವಿಲ್ಲ. ಫಿಲ್ ಹಾರ್ವೆ ಎಂಬ ಕೆನಡಾದವರು 2003ರಲ್ಲಿ ಬಿಡುಗಡೆ ಮಾಡಿ ಈವರೆಗೂ ಉಚಿತವಾಗಿ ಬೆಳೆಸಿಕೊಂಡು ಬಂದಿರುವ ಎಕ್ಸಿಫ್‌ಟೂಲ್ ಮೇಲೆ ಹೇಳಿದ ಮೂರೂ ಖಾನೆಗಳನ್ನು ಓದುತ್ತದೆ, ಬರೆಯುತ್ತದೆ. ಸಾವಿರ ಫೋಟೋಗಳ ಕೀವರ್ಡನ್ನು ಒಂದು ಪಟ್ಟಿಯಾಗಿ ಹೊರತೆಗೆದು, ತಿದ್ದಿ, ವಾಪಸು ತುಂಬುವುದೂ ಅದರಿಂದ ಸಾಧ್ಯ. ಕಪ್ಪು ಕಿಟಕಿಯಲ್ಲಿ ಆಜ್ಞೆ ಟೈಪು ಮಾಡಲು ಮುಜುಗರವಾದರೆ ಡಿಜಿಕಾಮ್ ಇದೆ, ಅದೂ ಉಚಿತ.

ಈ ವಾರ ಒಂದು ಪರೀಕ್ಷೆ ಮಾಡಿ ನೋಡಿ. ನೀವು ಹೆಸರು ಬರೆದಿಟ್ಟಿದ್ದೀರೆಂದು ನಂಬಿರುವ ಒಂದು ಫೋಟೋವನ್ನು ನಿಮ್ಮ ಸಾಫ್ಟ್‌ವೇರಿನಿಂದ ಹೊರತೆಗೆಯಿರಿ. ವಾಟ್ಸ್‌ಆ್ಯಪ್ ಬೇಡ, ಪೆನ್ ಡ್ರೈವಿನಲ್ಲಿ ಇನ್ನೊಂದು ಕಂಪ್ಯೂಟರಿಗೆ ಒಯ್ದು ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಿರಿ. ಹೆಸರು ಕಂಡರೆ ನೀವು ಕ್ಷೇಮ. ಕಾಣದಿದ್ದರೆ ಆ ಸಾಫ್ಟ್‌ವೇರ್ ಇನ್ನೂ ಚಾಲ್ತಿಯಲ್ಲಿರುವಾಗಲೇ ಅದರ ಸೆಟ್ಟಿಂಗಿಗೆ ಹೋಗಿ ಫೈಲಿಗೆ ಬರೆಯುವ ಆಯ್ಕೆಗೆ ಟಿಕ್ ಹಾಕಿ.